ಆನೆಯ ಹೆಸರು ತಪ್ಪಬಾರದು

2012ರಲ್ಲಿ ಮೈಸೂರಿನ ಸ್ಥಳೀಯ ಪತ್ರಿಕೆಯೊಂದಕ್ಕೆ ಫೋಟೋಗ್ರಾಫರ್ ಆಗಿ ಸೇರಿದೆ. ಮೊದಲ ವಾರ ಹಿರಿಯರು ಹೇಳಿಕೊಟ್ಟಿದ್ದು ಕ್ಯಾಮೆರಾ ವಿದ್ಯೆಯನ್ನಲ್ಲ, ವೇದಿಕೆ ಮೇಲಿದ್ದವರ ಹೆಸರನ್ನು ಎಡದಿಂದ ಬಲಕ್ಕೆ ಬರೆದುಕೊಳ್ಳುವುದನ್ನು. ಪುರಭವನ, ಕಲಾಮಂದಿರ, ಜಗನ್ಮೋಹನ ಅರಮನೆ ಸುತ್ತಿದರೆ ದಿನಕ್ಕೆ ಮೂರು ದೀಪ ಗ್ಯಾರಂಟಿ. ಫ್ಯಾನಿನ ಗಾಳಿಗೆ ಬತ್ತಿ ಹತ್ತದು, ಮುಖ್ಯ ಅತಿಥಿಗಳು ದೀಪ ಬಿಟ್ಟು ನನ್ನನ್ನೇ ನೋಡುವರು. ಸನ್ಮಾನವಾದರೆ ಪೇಟ ಹಣೆಗಿಳಿದು, ಹಣ್ಣಿನ ಬುಟ್ಟಿ ಗಲ್ಲಕ್ಕೇರಿ, ಸನ್ಮಾನಿತರ ಮೂಗು ಮಾತ್ರ ಉಳಿಯುತ್ತಿತ್ತು. “ಬುಟ್ಟಿ ಸ್ವಲ್ಪ ಕೆಳಗೆ ಸಾರ್” ಎಂಬುದೇ ಆ ವರ್ಷ ನಾನು ಅತಿ ಹೆಚ್ಚು ಆಡಿದ ಮಾತು.

ಕಲೆಯ ಹುಚ್ಚು ಬೇರೆ ಇತ್ತಲ್ಲ, ದೇವರಾಜ ಮಾರುಕಟ್ಟೆಗೆ ನುಗ್ಗಿ ಕುಂಕುಮದ ಗುಡ್ಡೆಗಳನ್ನು ತೆಗೆದು ತಂದೆ. ಸುದ್ದಿ ಸಂಪಾದಕರು ಕನ್ನಡಕ ಏರಿಸಿ ನೋಡಿದರು. “ಇದನ್ನ ಟೂರಿಸ್ಟು ತೆಗೀತಾನೆ. ನಾಳೆ ಬೆಳಗ್ಗೆ ದಸರಾ ಆನೆ ತಾಲೀಮಿಗೆ ಹೋಗು” ಎಂದರು.

ಹುಟ್ಟಿ ಬೆಳೆದ ಊರೇ ಆದರೂ ಆ ಹೊತ್ತಿನ ಸಯ್ಯಾಜಿರಾವ್ ರಸ್ತೆಯನ್ನು ನಾನು ನೋಡಿರಲೇ ಇಲ್ಲ. ಅಂಗಡಿಗಳೆಲ್ಲ ಷಟರ್ ಎಳೆದುಕೊಂಡಿವೆ. ಹೂವಿನ ಮೂಟೆ ಇಳಿಸುವವರ ಗಲಾಟೆ ಒಂದೇ. ಅಷ್ಟರಲ್ಲಿ ಅರಮನೆ ಕಡೆಯಿಂದ ಸರಪಳಿಯ ಸಣ್ಣ ಸದ್ದು. ಅಷ್ಟು ದೊಡ್ಡ ಮೈ ಹೊತ್ತ ಪಾದ ನೆಲಕ್ಕೆ ಊರಿದ್ದೇ ಕೇಳುವುದಿಲ್ಲ. ಹೂವಿನವನೊಬ್ಬ ಮೂಟೆಯನ್ನು ಹೆಗಲ ಮೇಲೇ ಇಟ್ಟುಕೊಂಡು ಒಂದೇ ಕೈ ಹಣೆಗೆ ಮುಟ್ಟಿಸಿದ. ಹಾಲಿನವನು ಸೈಕಲ್ ಇಳಿದ. ಆನೆಗಳು ಬನ್ನಿಮಂಟಪದತ್ತ ದಾಟಿದ ಮೇಲೆ ತಾಯಿಯೊಬ್ಬಳು ಮಗನ ಚಪ್ಪಲಿ ಬಿಚ್ಚಿಸಿ ಬಿಸಿ ಲದ್ದಿಯ ಮೇಲೆ ನಿಲ್ಲಿಸಿದಳು. ಕಾಲು ಗಟ್ಟಿಯಾಗುತ್ತದಂತೆ. ಹುಡುಗ ಮುಖ ಕಿವುಚಿಕೊಂಡು ನಿಂತ. ಅವತ್ತಿನ ಅಸಲಿ ಫೋಟೋ ಅದು. ಪತ್ರಿಕೆಯಲ್ಲಿ ಅಚ್ಚಾದದ್ದು ಮಾತ್ರ ಆನೆ.

ಅದೂ ತಪ್ಪು ಆನೆ. ಅಂಬಾರಿ ಬಲರಾಮನ ಬೆನ್ನಿನಿಂದ ಅರ್ಜುನನ ಬೆನ್ನಿಗೆ ಬಂದ ವರ್ಷವದು. 750 ಕಿಲೋ ಹೊರುವವನ ಮೇಲೇ ಊರಿಗೆಲ್ಲ ಕಣ್ಣು. ನಾನು ಬಲರಾಮನ ಚಿತ್ರದಡಿ ‘ಅರ್ಜುನ’ ಎಂದು ಬರೆದು ಕೊಟ್ಟು, ಮಸಾಲೆ ದೋಸೆ ತಿಂದು ಮಲಗಿದೆ. ಹಿಂದಿನ ವಾರ ಇಬ್ಬರು ಕಾರ್ಪೊರೇಟರುಗಳ ಹೆಸರು ಅದಲುಬದಲಾದಾಗ ಅವರಿಬ್ಬರನ್ನು ಬಿಟ್ಟು ಯಾರೂ ಕೇಳಿರಲಿಲ್ಲ. ಈ ಸಲ ಆಫೀಸಿನ ಫೋನು ಬೆಳಗಿನ ಆರಕ್ಕೇ ಶುರುವಾಯಿತು. “ಇಷ್ಟು ವರ್ಷ ಅಂಬಾರಿ ಹೊತ್ತವನನ್ನ ಗುರುತು ಹಿಡಿಯಕ್ಕಾಗಲ್ವೇನ್ರೀ? ನೀವು ಮೈಸೂರಿನವರೇನಾ?” ಎಂದು ಅಜ್ಜಿಯೊಬ್ಬರು ಕೇಳಿದ್ದಕ್ಕೆ ಉತ್ತರ ಈಗಲೂ ಹೊಳೆದಿಲ್ಲ.

ಮರುದಿನದಿಂದ ದೀಪಗಳ ನಡುವೆ ಬಿಡುವು ಸಿಕ್ಕಾಗಲೆಲ್ಲ ಅರಮನೆ ಅಂಗಳಕ್ಕೆ ಹೋಗತೊಡಗಿದೆ. ಅಲ್ಲಿ ದಸರಾ ಮುಗಿಯುವವರೆಗೆ ಮಾವುತರು, ಕಾವಾಡಿಗಳದ್ದೇ ಒಂದು ಹಾಡಿ. ಸೌದೆ ಒಲೆ, ಒಣಗಲು ಹಾಕಿದ ಬಟ್ಟೆ, ಮಕ್ಕಳಿಗೆ ಟೆಂಟ್ ಶಾಲೆ. ಅರಮನೆಯ ಫೋಟೋ ತೆಗೆಯುವವರೆಲ್ಲ ಇದನ್ನು ಫ್ರೇಮಿನಿಂದ ಆಚೆಗೇ ಇಡುತ್ತಾರೆ. ನಾನೂ ಇಟ್ಟಿದ್ದೇನೆ, ಸುಳ್ಳೇಕೆ. ಆನೆಗೆ ಸ್ನಾನ ಮಾಡಿಸುತ್ತಿದ್ದ ಮಾವುತರೊಬ್ಬರಿಗೆ ನನ್ನ ಪಜೀತಿ ಹೇಳಿಕೊಂಡೆ. ಉಜ್ಜುವುದನ್ನು ನಿಲ್ಲಿಸದೆಯೇ ಅಂದರು: “ನೀವು ಬರೀ ದಂತ ನೋಡ್ತೀರ ಸಾಮಿ. ಮುಖ ನೋಡಿ.”

ಬಲರಾಮ 2023ರ ಮೇ ತಿಂಗಳಲ್ಲಿ ಹೋದ. ಅದೇ ವರ್ಷ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ಕಾಡಿನಲ್ಲಿ, ಕಾಡಾನೆ ಹಿಡಿಯಲು ಹೋದ ಅರ್ಜುನ ಅದರೊಡನೆ ಕಾದಾಡಿ ಸತ್ತ. ಅಂದು ಸಂಜೆ ಡೆಸ್ಕಿನಿಂದ ಫೋನು ಬಂತು, ಅರ್ಜುನನ ಹಳೇ ಫೋಟೋ ಬೇಕಂತೆ. 2012ರ ಫೋಲ್ಡರ್ ತೆರೆದೆ. ಮುಖ ನೋಡಿದೆ. ಇನ್ನೊಮ್ಮೆ ನೋಡಿ, ಕಳಿಸಿದೆ.