ತಗಡಿಗೂ ಒಂದು ಧಾಟಿ

ಭಜನೆಯ ತಾಳವನ್ನು ನಡುವಿನ ದಾರ ಹಿಡಿದು ಬಾರಿಸಿದರೆ ಬಹಳ ಹೊತ್ತು ಝೇಂಕರಿಸುತ್ತದೆ. ಅದೇ ತಾಳದ ಅಂಚು ಹಿಡಿದು ಬಾರಿಸಿದರೆ ಟಕ್ ಅಂದು ಸುಮ್ಮನಾಗುತ್ತದೆ. ಕಂಚು ಅದೇ, ಪೆಟ್ಟು ಅದೇ, ಹಿಡಿದ ಜಾಗ ಮಾತ್ರ ಬೇರೆ. ಭಜನಿ ಹಾಡುವವರಿಗೆಲ್ಲ ಇದು ಗೊತ್ತಿದ್ದ ಮಾತು. ರಾಶಿ ಮಷಿನ್ನಿನ ತಗಡಿಗೂ ಇದೇ ಮಾತು ಹೊಂದುತ್ತದೆ ಅನ್ನೋದು ಮಾತ್ರ ನನಗ ಹೋದ ವರ್ಷ ತಿಳೀತು.

ನಮ್ಮ ಅಕ್ಕಲಕೋಟ ತಾಲೂಕಿನಾಗ ತೊಗರಿ, ಬಿಳಿಜೋಳ ಮುಖ್ಯ ಬೆಳಿ. ನಾವು ನಾಲ್ಕು ಮನೆಯವರು ಕೂಡಿ ಒಂದು ರಾಶಿ ಮಷಿನ್ ತಂದೇವಿ. ಅದರ ಫ್ಯಾನಿನ ಮಗ್ಗಲಿಗೆ ಒಂದು ಫೂಟು ಉದ್ದ, ಒಂದು ಫೂಟು ಅಗಲ, ೨ ಮಿಲಿಮೀಟರ್ ದಪ್ಪದ ತಗಡು. ನಾಲ್ಕು ಮೂಲಿಗೆ ನಾಲ್ಕು ಬೋಲ್ಟು. ಒಂದೇ ಹಂಗಾಮಿನಾಗ ಅದು ಎರಡು ಸಲ ಬೋಲ್ಟಿನ ಹತ್ತಿರ ಸೀಳಿತು. ಎರಡನೇ ಸಲ ಚೂರು ಸಿಡಿದು, ತೆನಿ ಹಾಕುವ ಹೆಣ್ಣುಮಗಳ ಕಿವಿ ಹತ್ತಿರದಿಂದ ಹಾದು ಹೋಯಿತು. ಆಕಿ ಅವತ್ತೇ ಕೆಲಸ ಬಿಟ್ಟು ಮನಿಗೆ ಹೋದಳು. ಸೀಳಿದ್ದನ್ನು ವೆಲ್ಡಿಂಗ್ ಮಾಡಿಸಿದೆವು. ಬೆಸುಗೆಯ ಮಗ್ಗಲಿಗೇ ಮತ್ತೆ ಕೂದಲೆಳೆಯಂಥ ಬಿರುಕು ಬಂತು.

ನನ್ನ ಮೊಮ್ಮಗಳು ಸೊಲ್ಲಾಪುರದಾಗ ಇಂಜಿನಿಯರಿಂಗ್ ಓದುತ್ತಾಳ. ರಜಾಕ್ಕ ಬಂದಾಕಿ ಬಿರುಕು ನೋಡಿ, "ಮುತ್ಯಾ, ಮಷಿನ್ ನಿಧಾನ ಓಡುವಾಗ ಇದು ನಡುಗತದೇನು?" ಅಂತ ಕೇಳಿದಳು. ಇಲ್ಲ, ಪೂರಾ ವೇಗಕ್ಕ ಬಂದಾಗಷ್ಟೇ ಗುಂಯ್ ಅಂತದ. "ಹಂಗಾದ್ರ ಇದರ ಸ್ವಂತ ಕಂಪನ ಎಷ್ಟು ಅಂತ ಹುಡುಕಬೇಕು" ಅಂದು ಕಂಪ್ಯೂಟರ್ ತೆಗೆದಳು.

ಅದರಾಗ ಮೊದಲು ತಗಡಿನ ಚಿತ್ರ ತೆಗೆದಳು. ಉಕ್ಕು ಎಷ್ಟು ಭಾರ, ಎಷ್ಟು ಬಿಗಿ ಅನ್ನೋ ಅಂಕಿ ಕೊಟ್ಟಳು. ಆಮ್ಯಾಲ ತಗಡನ್ನು ಕೌದಿಯ ತುಂಡುಗಳ ಹಂಗ ಸಣ್ಣ ಸಣ್ಣ ಚೌಕ ಮಾಡಿದಳು. ತೆಳು ತಗಡಾದ್ದರಿಂದ ದಪ್ಪದಾಗ ಮತ್ತೆ ಸೀಳಿ ತುಂಡು ಮಾಡೋದು ಬೇಡ, ದಪ್ಪ ಎಷ್ಟು ಅಂತ ಹೇಳಿದರ ಸಾಕಂತ. ಒಂದೊಂದು ಚೌಕದ ಲೆಕ್ಕವನ್ನು ಮಗ್ಗಲಿನ ಚೌಕದ ಲೆಕ್ಕಕ್ಕೆ ಜೋಡಿಸೋದು ಕಂಪ್ಯೂಟರಿನ ಕೆಲಸ.

ಮೊದಲು ಬೋಲ್ಟು ಹಾಕದೆಯೇ ಓಡಿಸಿ ತೋರಿಸಿದಳು. ಮೊದಲಿನ ಆರು ಉತ್ತರ ಸೊನ್ನೆಯ ಆಸುಪಾಸು ಬಂದವು. "ಯವ್ವಾ, ಇದೆಂಥಾ ಲೆಕ್ಕ?" ಅಂದೆ. "ಯಾರೂ ಹಿಡಿಯದ ವಸ್ತು ಮೂರು ದಿಕ್ಕಿಗೆ ಸರೀತದ, ಮೂರು ರೀತಿ ತಿರುಗತದ. ಬಾಗೋದಿಲ್ಲ, ಅದಕ್ಕ ಆರು ಸೊನ್ನೆ" ಅಂದಳು. ಎಲ್ಲಿ ಹಿಡಿದದ ಅನ್ನೋದನ್ನ ನಾವೇ ಹೇಳಬೇಕು. ಆ ಮಾತು ತಪ್ಪಿ ಹೇಳಿದರ ಉತ್ತರವೂ ತಪ್ಪು.

ಬೋಲ್ಟು ಹಾಕಿ ಓಡಿಸಿದಾಗ ಮೊದಲ ಉತ್ತರ ಸೆಕೆಂಡಿಗೆ ೪೧ ಕಂಪನ ಬಂತು. ತೆರಿ ಮ್ಯಾಲ ತಗಡು ಗೇಣುದ್ದ ಉಬ್ಬಿ ಇಳೀತಿತ್ತು. ನಾ ಹೆದರಿದೆ. "ಅದು ಆಕಾರ ಮುತ್ಯಾ, ಅಳತಿ ಅಲ್ಲ. ಹೆಂಗ ಬಾಗತದ ಅಂತಷ್ಟೇ ತೋರಸ್ತದ, ಎಷ್ಟು ಬಾಗತದ ಅಂತಲ್ಲ" ಅಂದಳು. ಎರಡನೇ ಉತ್ತರದಾಗ ಒಂದು ಮಗ್ಗಲು ಏಳುವಾಗ ಇನ್ನೊಂದು ಇಳೀತಿತ್ತು, ಕಂಪನವೂ ಜಾಸ್ತಿ. ಇವಕ್ಕೆ ಪುಸ್ತಕದಾಗ ಮೋಡ್ ಅಂತಾರಂತ. ಕನ್ನಡದಾಗ ಏನನ್ನಲಿ ಅಂತ ಕೇಳಿದಳು. "ಧಾಟಿ ಅನ್ನು" ಅಂದೆ. ಒಂದೇ ಪದವನ್ನು ಹಲವು ಧಾಟಿಯಲ್ಲಿ ಹಾಡತೀವಲ್ಲ, ಒಂದೇ ತಗಡಿಗೂ ಹಲವು ಧಾಟಿ. ಒಂದೊಂದಕ್ಕೂ ಅದರದೇ ಸ್ವರ.

ಇದು ಕಂಪ್ಯೂಟರ್ ಬರೋದಕ್ಕಿಂತ ಮೊದಲೇ ಕಂಡ ಸಂಗತಿ. ಜರ್ಮನಿಯ ಕ್ಲಾಡ್ನಿ ಎಂಬವರು ತಗಡಿನ ಮ್ಯಾಲ ಉಸುಕು ಚೆಲ್ಲಿ, ಅಂಚಿಗೆ ಪಿಟೀಲಿನ ಕಮಾನು ಎಳೆದರು. ನಡುಗುವ ಜಾಗದ ಉಸುಕು ಹಾರಿ, ನಡುಗದ ಗೆರಿಗಳ ಮ್ಯಾಲ ಬಂದು ಕೂತು ರಂಗೋಲಿ ಆಯಿತು. ಅದನ್ನು ೧೭೮೭ರಲ್ಲಿ ಪುಸ್ತಕ ಮಾಡಿದರು. ನಮ್ಮ ಸಿ.ವಿ. ರಾಮನ್ ಅವರು ಬೆಂಗಳೂರಿನಲ್ಲಿದ್ದಾಗ, ೧೯೩೪ರಲ್ಲಿ, ಮೃದಂಗ ತಬಲಾಗಳ ಮೇಲೆ ಒಂದು ಲೇಖನ ಪ್ರಕಟಿಸಿದರು. ಬರೀ ಚರ್ಮದ ಕಂಪನಗಳು ಒಂದಕ್ಕೊಂದು ಸ್ವರ ಕೂಡೋದಿಲ್ಲ. ನಡುವೆ ಕರಿ ಹಚ್ಚಿ ಭಾರ ಮಾಡಿದರ ಕೂಡತಾವ. ಆ ಕರಿ ಹಚ್ಚಿದ ನಮ್ಮ ಹಿರಿಯರ ಕಿವಿ ಎಂಥಾದ್ದಿರಬೇಕು!

ಈಗ ನಮ್ಮ ಮಷಿನ್. ಫ್ಯಾನು ನಿಮಿಷಕ್ಕೆ ೬೦೦ ಸುತ್ತು, ಅಂದರೆ ಸೆಕೆಂಡಿಗೆ ೧೦. ರೆಕ್ಕೆ ನಾಲ್ಕು. ಸುತ್ತಿಗೊಂದು ಸಲ ಪ್ರತಿ ರೆಕ್ಕೆಯ ಗಾಳಿ ತಗಡಿಗೆ ಬಡಿದರೆ ಸೆಕೆಂಡಿಗೆ ೪೦ ಪೆಟ್ಟು. ತಗಡಿನ ಧಾಟಿ ೪೧. ಜೋಕಾಲಿಗೆ ಅದರ ಓಟ ನೋಡಿ ಜೀಕಿದಂಗ ಆತು. ಪೆಟ್ಟು ಸಣ್ಣದೇ, ಆದರ ಹೊತ್ತಿಗೆ ಸರಿಯಾಗಿ ಬೀಳತಿತ್ತು. ಬಾಗಿ ಬಾಗಿ, ಹಿಡಿದ ಜಾಗಕ್ಕ, ಅಂದ್ರ ಬೋಲ್ಟಿನ ಹತ್ತಿರ ಹರಿಯಿತು.

ಆಕಿ ಕಂಪ್ಯೂಟರಿನಾಗ ನಡುವೆ ಐದನೇ ಬೋಲ್ಟು ಹಾಕಿ ನೋಡಿದಳು. ಮೊದಲ ಧಾಟಿ ಹೋಗಿ, ಕಂಪನ ೯೦ರ ಹತ್ತಿರ ಏರಿತು. ತಗಡಿನ ಹಿಂದ ಒಂದು ಕಬ್ಬಿಣದ ಪಟ್ಟಿ ಬೆಸೆಸಿ, ಹೊಸಾ ತಗಡಿಗೆ ನಡುವೆ ಬೋಲ್ಟು ಬಿಗಿದೆವು. ಈ ವರ್ಷದ ತೊಗರಿ, ಜೋಳ ಎರಡೂ ರಾಶಿ ಮುಗಿದವು. ಗುಂಯ್ ಅನ್ನೋ ಸಪ್ಪಳ ಇಲ್ಲ, ಬಿರುಕೂ ಇಲ್ಲ. ಆದರೂ ದಿನಾ ಮುಂಜಾನೆ ಬೋಲ್ಟು ಮುಟ್ಟಿ ನೋಡಿಯೇ ಮಷಿನ್ ಚಾಲೂ ಮಾಡತೀವಿ. ಆ ಹೆಣ್ಣುಮಗಳು ಎರಡು ದಿನ ದೂರ ನಿಂತು ನೋಡಿ, ಮೂರನೇ ದಿನಕ್ಕ ಕೆಲಸಕ್ಕ ಬಂದಳು.

ನಮ್ಮ ಊರಿನ ಮಾಸ್ತರರಿಗೆ ಒಂದು ವಿನಂತಿ. ಉಕ್ಕಿನ ಫೂಟುಪಟ್ಟಿಯನ್ನು ಮೇಜಿನ ಅಂಚಿಗೆ ಒತ್ತಿ ಹಿಡಿದು, ಹೊರಗಿನ ತುದಿ ಮೀಟಿ ತೋರಿಸ್ರಿ. ಹೊರಗ ಉದ್ದ ಬಿಟ್ಟರ ದಪ್ಪ ದನಿ, ಗಿಡ್ಡ ಬಿಟ್ಟರ ಸಣ್ಣ ದನಿ. ಪಟ್ಟಿ ಒಂದೇ, ಹಿಡಿಯೋ ಜಾಗ ಬೇರೆ ಅಂತ ಹುಡುಗರೇ ಹೇಳತಾರ. ಕಂಪ್ಯೂಟರ್ ಆಮ್ಯಾಲ ಬರಲಿ.