ಚೋರನ ಜೋಳಿಗೆಯ ಕುಪ್ಪಿಗಳು

ಪಾತ್ರ ವಹಿಸಿ, ದಾಳಗಳನ್ನುರುಳಿಸಿ ಜಯಾಪಜಯಗಳನ್ನು ನಿರ್ಣಯಿಸುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವು 1974ರಲ್ಲಿ ಅಮೆರಿಕಾದಲ್ಲಿ ಪ್ರಕಟವಾಯಿತು. ನಮ್ಮ ಮೊಮ್ಮಗನು ಅದರಲ್ಲಿ ಚೋರನು. ಮೃಚ್ಛಕಟಿಕದ ಶರ್ವಿಲಕನೂ ಕನ್ನವಿಕ್ಕಹೋಗುವಾಗ ಯೋಗರೋಚನೆಯನ್ನು ಬಳಿದುಕೊಂಡವನೇ ಅಲ್ಲವೆ!

ಇವರಾಡುವುದು 2000ನೆಯ ಇಸವಿಯ ಮೂರನೆಯ ಆವೃತ್ತಿಯ ನಿಯಮದಂತೆ. ಅಲ್ಲಿ 10 ಹೊನ್ನಿನ ಆಮ್ಲದ ಕುಪ್ಪಿಯು ಮಾಡುವ ಹಾನಿ ಆರು ಮುಖದ ಒಂದು ದಾಳದಷ್ಟೇ. ಆದರೆ ಅದು ಶತ್ರುವನ್ನು ಮುಟ್ಟಿದರೆ ಸಾಕು, ಕವಚವು ಲೆಕ್ಕಕ್ಕಿಲ್ಲ. ಅವನು ಎಚ್ಚರದಪ್ಪಿರುವಾಗ 30 ಅಡಿಯೊಳಗಿಂದ ಎಸೆದರಂತೂ ಚೋರನ ಹೊಂಚುಪೆಟ್ಟಿನ ದಾಳಗಳೂ ಕೂಡಿಕೊಳ್ಳುವುವು. ಕತ್ತಿಗೆ ಜಗ್ಗದ ಲೋಹಕವಚಧಾರಿಯೂ ಇದಕ್ಕೆ ಸಿಕ್ಕುವನು.

ಇಷ್ಟಿದ್ದರೂ ಹುಡುಗನು ಕುಪ್ಪಿಗಳನ್ನು ಕೃಪಣನ ಧನದಂತೆ ಕೂಡಿಟ್ಟನು. ಕಳೆದ ವಾರ ಅವನ ಚೋರನು ಜೋಳಿಗೆಯಲ್ಲಿ ಐದು ಕುಪ್ಪಿಗಳಿರಲು ಬರಿಯ ಕಠಾರಿಯನ್ನೇ ಬೀಸಿ ಮಡಿದನು. ಬಾಲಕನು ಆ ರಾತ್ರಿ ಉಣ್ಣಲಿಲ್ಲ. ತಂಗಿಯು ಮಾತ್ರ ಆ ಐದನ್ನೂ ಆಗಲೇ ತನ್ನ ಪಾತ್ರದ ಲೆಕ್ಕಕ್ಕೆ ಬರೆದುಕೊಂಡಿದ್ದಳು.