ಕಡಲ ತೀರಕ್ಕೆ ಮುಂಗಡ ಕಟ್ಟುವ ಮುನ್ನ

ಬಳ್ಳಾರಿಯ ಮೇ ತಿಂಗಳ ಬಿಸಿಲನ್ನು ಉಂಡವರಿಗೆ ಸಮುದ್ರ ಎಂಬ ಪದ ಕಿವಿಗೆ ಬಿದ್ದರೇ ಸಾಕು, ಮೈ ತಂಪಾಗುತ್ತದೆ. ಕೋಟೆ ಗುಡ್ಡದ ಬಂಡೆ ಹಗಲೆಲ್ಲ ಕಾದು, ರಾತ್ರಿ ಊಟದ ಹೊತ್ತಿನವರೆಗೂ ಬಿಸಿಯುಸಿರು ಬಿಡುವ ಊರು ನಮ್ಮದು. ವರ್ಷಕ್ಕೆ 500 ಮಿ.ಮೀ. ಆಸುಪಾಸು ಮಳೆ ಕಾಣುವ ನಮಗೆ, 3000 ಮಿ.ಮೀ. ಮೀರಿ ಮಳೆ ಸುರಿಯುವ ಉತ್ತರ ಕನ್ನಡದ ಕರಾವಳಿ ಬೇರೆಯೇ ಲೋಕ. ಹಾಗಾಗಿ ಕಳೆದ ವರ್ಷ ಮೇ ಕೊನೆಯ ವಾರದಲ್ಲಿ ನನ್ನ ಸೋದರಳಿಯ ಕುರುಗೋಡಿನಿಂದ ಬೈಕೇರಿ ಬಂದು ಮೊಬೈಲ್ ಮುಂದೆ ಹಿಡಿದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ.

"ಮಾವಾ, ಗೋಕರ್ಣದ ಹತ್ರ ರೆಸಾರ್ಟು. ಜೂನ್ ತಿಂಗಳದಾಗ ಅರ್ಧ ರೇಟು. ನಾವು ಐದು ಮಂದಿ ಗೆಳೆಯರು. ಇವತ್ತ ಮುಂಗಡ ಹಾಕಬೇಕು. ನೀವು ಹೂಂ ಅಂದ್ರ ಹೋಗು ಅಂದಾಳ ಅವ್ವ."

ಚಿತ್ರ ಚೆನ್ನಾಗಿತ್ತು. ತೆಂಗಿನ ಮರಗಳು, ಈಜುಕೊಳ, ಅದರಾಚೆ ನೀಲಿ ಸಮುದ್ರ. ಆದರೆ 'ಹೂಂ' ಎಂಬ ಆ ಒಂದಕ್ಷರ ನನ್ನ ಬಾಯಿಂದ ಸುಲಭವಾಗಿ ಹೊರಡಲಿಲ್ಲ. ಅದಕ್ಕೆ ಕಾರಣವಿದೆ.

ಕಾಲುವೆಯ ಹುಡುಗ, ಕಡಲಿನ ನೀರು

ಸುಮಾರು 25 ವರ್ಷಗಳ ಹಿಂದಿನ ಮಾತು. ಆಗ ನಾನು ಸಿರುಗುಪ್ಪ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕ. ಡಿಸೆಂಬರ್ ಪ್ರವಾಸಕ್ಕೆ ಮಕ್ಕಳನ್ನು ಕರೆದುಕೊಂಡು ಕರಾವಳಿಗೆ ಹೋಗಿದ್ದೆವು. ಸಿರುಗುಪ್ಪದ ಕಡೆಯ ಹುಡುಗರನ್ನು ನೀವು ಬಲ್ಲಿರಿ. ಒಂದು ಕಡೆ ತುಂಗಭದ್ರೆ, ಇನ್ನೊಂದು ಕಡೆ ಹಗರಿ, ನಡುವೆ ಭತ್ತದ ಗದ್ದೆಗೆ ನೀರುಣಿಸುವ ಕಾಲುವೆಗಳು. ಒಂಬತ್ತನೆಯ ತರಗತಿಯ ಒಬ್ಬ ಹುಡುಗನಂತೂ ಮೀನಿನಂತೆ ಈಜುತ್ತಿದ್ದ. "ಸಾರ್, ನಮ್ಮ ಕಾಲುವ್ಯಾಗ ದಿನಾ ಈಜ್ತೀನಿ. ಇಲ್ಲೇನ್ ಆಗ್ತದ?" ಎಂದು ಕೇಳಿದ. "ಹೂಂ, ಬೇಗ ಬಾ" ಎಂದೆ.

ಅವನು ಬುದ್ಧಿವಂತ. ಅಲೆ ಅಬ್ಬರಿಸುವ ಜಾಗ ಬಿಟ್ಟು, ನೀರು ಶಾಂತವಾಗಿ ಕಂಡ ಕಡೆ ಇಳಿದ. ಎರಡು ನಿಮಿಷದಲ್ಲಿ ಅವನ ತಲೆ ದಡದಿಂದ ದೂರ ಹೋಗುತ್ತಿರುವುದು ಕಂಡಿತು. ಅವನು ದಡದತ್ತಲೇ ಕೈ ಬಡಿಯುತ್ತಿದ್ದ, ಆದರೂ ಹಿಂದೆ ಹಿಂದೆ ಸರಿಯುತ್ತಿದ್ದ. ಬಲೆ ಸರಿಪಡಿಸುತ್ತ ಕುಳಿತಿದ್ದ ಇಬ್ಬರು ಮೀನುಗಾರರು ದೋಣಿ ತಳ್ಳಿಕೊಂಡು ಹೋಗಿ ಅವನನ್ನು ಎತ್ತಿ ತಂದರು. ಉಪ್ಪು ನೀರು ಕಕ್ಕಿ ಹುಡುಗ ಅತ್ತ. ನಾನು ಅಳಲಿಲ್ಲ, ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. "ಅಲೆ ಒಡೆಯದ ಜಾಗವೇ ಕೆಟ್ಟದ್ದು ಮಾಸ್ತರರೇ" ಎಂದು ಅವರಲ್ಲಿ ಹಿರಿಯ ಮೀನುಗಾರ ಹೇಳಿದ. ಬಿ.ಎಸ್ಸಿ., ಬಿ.ಎಡ್. ಓದಿದ ನನಗೆ ಅದು ಗೊತ್ತಿರಲಿಲ್ಲ.

ಆಮೇಲೆ ಓದಿ ತಿಳಿದೆ. ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಿರುಗಲೇಬೇಕಷ್ಟೆ? ಮರಳ ದಿಬ್ಬಗಳ ನಡುವೆ ತಗ್ಗಾದ ಕಡೆ ಅದು ಕಾಲುವೆಯಂತೆ ಒಟ್ಟಾಗಿ ಸಮುದ್ರದತ್ತ ಹರಿಯುತ್ತದೆ. ಇದನ್ನೇ ರಿಪ್ ಕರೆಂಟ್ ಎನ್ನುತ್ತಾರೆ, ನಮ್ಮ ಮಾತಿನಲ್ಲಿ ಸೆಳವು. ಅಲ್ಲಿ ಆಳ ಹೆಚ್ಚು, ಆದ್ದರಿಂದ ಅಲೆ ಒಡೆಯುವುದಿಲ್ಲ. ಹೊಸಬರ ಕಣ್ಣಿಗೆ ಅದೇ ಸುರಕ್ಷಿತ ಜಾಗವಾಗಿ ಕಾಣುತ್ತದೆ. ಸೆಳವಿನ ವೇಗ ಕೆಲವೊಮ್ಮೆ ಸೆಕೆಂಡಿಗೆ 2 ಮೀಟರ್ ಮೀರುವುದುಂಟು. 100 ಮೀಟರನ್ನು 47 ಸೆಕೆಂಡಿನಲ್ಲಿ ಮುಗಿಸುವ ಒಲಿಂಪಿಕ್ ಈಜುಗಾರನ ವೇಗವೂ ಹೆಚ್ಚುಕಡಿಮೆ ಅಷ್ಟೇ. ಅಂದ ಮೇಲೆ ನಮ್ಮ ಕಾಲುವೆಯ ಹುಡುಗ ಅದರ ಎದುರು ಈಜಿ ಗೆಲ್ಲುವುದೆಂತು? ಸಿಕ್ಕಿಕೊಂಡವರು ಸೆಳವಿನ ವಿರುದ್ಧ ಈಜಬಾರದು. ಗಾಬರಿಯಾಗದೆ ತೇಲುತ್ತ, ಕೈ ಎತ್ತಿ ಕೂಗಬೇಕು. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳವು ದಾಟಿದ ಮೇಲೆ ದಡದತ್ತ ತಿರುಗಬೇಕು.

ಎರಡು ಪ್ರಶ್ನೆಗಳ ತಕ್ಕಡಿ

ಅಳಿಯನಿಗೆ ಹೋಗಬೇಡ ಎನ್ನಲಿಲ್ಲ. ಹಾಗೆಂದರೆ ಇಂದಿನ ಮಕ್ಕಳು ಹೇಳದೆ ಹೋಗುತ್ತಾರೆ. ಒಂದು ಹಾಳೆ ತೆಗೆದು, "ಬಾರಪ್ಪ, ಲೆಕ್ಕ ಮಾಡೋಣ" ಎಂದೆ. ಯಾವುದೇ ಅಪಾಯಕ್ಕೆ ಎರಡು ಪ್ರಶ್ನೆ: ಅದು ಆಗುವ ಸಾಧ್ಯತೆ ಎಷ್ಟು? ಆದರೆ ನಷ್ಟ ಎಷ್ಟು? ರೂಮಿನಲ್ಲಿ ಬಿಸಿನೀರು ಬಾರದಿರುವ ಸಾಧ್ಯತೆ ಹೆಚ್ಚು, ನಷ್ಟ ಕಡಿಮೆ. ನೀರಿನಲ್ಲಿ ಮುಳುಗುವ ಸಾಧ್ಯತೆ ಕಡಿಮೆ, ಆದರೆ ಆ ನಷ್ಟವನ್ನು ತುಂಬಿಕೊಡುವವರಿಲ್ಲ. ನಾವು ಸಾಮಾನ್ಯವಾಗಿ ಮೊದಲನೆಯದನ್ನೇ ಹತ್ತು ಸಲ ವಿಚಾರಿಸಿ, ಎರಡನೆಯದನ್ನು ಕೇಳುವುದೇ ಇಲ್ಲ.

ಮೊದಲು ದಾರಿ. ಹಿಂದೆ ರಾಷ್ಟ್ರೀಯ ಹೆದ್ದಾರಿ 63 ಎಂದು ಕರೆಯುತ್ತಿದ್ದ ರಸ್ತೆ ಬಳ್ಳಾರಿಯಿಂದ ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರದ ಮೂಲಕ ನೇರ ಅಂಕೋಲೆಗೆ ಇಳಿಯುತ್ತದೆ. ಸುಮಾರು 350 ಕಿ.ಮೀ. ರಾತ್ರಿ ಊಟ ಮಾಡಿ ಹೊರಟು, ಬೆಳಗಾಗುವಷ್ಟರಲ್ಲಿ ಸಮುದ್ರ ನೋಡುವುದು ಹುಡುಗರ ಲೆಕ್ಕ. ಅಂದರೆ, ಬಯಲು ಸೀಮೆಯ ನೇರ ರಸ್ತೆಗೆ ಒಗ್ಗಿದ ಚಾಲಕ ನಿದ್ದೆಗಣ್ಣಿನಲ್ಲಿ ಅರಬೈಲು ಘಟ್ಟಕ್ಕೆ ಬರುತ್ತಾನೆ. 2025ರ ಜನವರಿ 22ರ ಬೆಳಗಿನ ಜಾವ ಯಲ್ಲಾಪುರ ತಾಲ್ಲೂಕಿನಲ್ಲಿ, ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ತರಕಾರಿ ವ್ಯಾಪಾರಿಗಳ ಲಾರಿ ಕಂದಕಕ್ಕೆ ಉರುಳಿ 10 ಮಂದಿ ಸತ್ತರು. ಹೊಟ್ಟೆಪಾಡಿಗೆ ಹೊರಟವರಿಗೆ ಬೇರೆ ಹೊತ್ತು ಇರಲಿಲ್ಲ. ಮೋಜಿಗೆ ಹೋಗುವವರಿಗೆ ಇದೆಯಲ್ಲ! ಹಗಲು ಹೊರಡಿ, ಹುಬ್ಬಳ್ಳಿಯಲ್ಲಿ ಉಂಡು, ಬೆಳಕಿರುವಾಗ ಘಟ್ಟ ಇಳಿಯಿರಿ. ರೈಲೇ ಬೇಕೆಂದರೆ ಅಮರಾವತಿ ಎಕ್ಸ್‌ಪ್ರೆಸ್ ಬಳ್ಳಾರಿ, ಹುಬ್ಬಳ್ಳಿ ದಾಟಿ ಗೋವಾಕ್ಕೆ ಹೋಗುತ್ತದೆ. ಮಡಗಾಂವಿನಲ್ಲಿ ಇಳಿದು ಕೊಂಕಣ ರೈಲು ಹಿಡಿದರೆ ಕಾರವಾರ.

ಎರಡನೆಯದು ಕಾಲ. ಜೂನ್‌ನಲ್ಲಿ ಅರ್ಧ ದರ ಏಕೆ? ಕರಾವಳಿಗೆ ಮುಂಗಾರು ಕಾಲಿಡುವುದು ಜೂನ್ ಮೊದಲ ವಾರದ ಹೊತ್ತಿಗೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಅಂದು ನನ್ನ ವಿದ್ಯಾರ್ಥಿಯನ್ನು ಎತ್ತಿ ತಂದಂಥವರೂ ಕಡಲಿಗಿಳಿಯಲು ಹಿಂಜರಿಯುವ ದಿನಗಳವು. ಮಳೆಗಾಲದಲ್ಲಿ ದಾರಿಯನ್ನೂ ನಂಬುವಂತಿಲ್ಲ. 2024ರ ಜುಲೈ 16ರಂದು ಅಂಕೋಲೆ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾದಂಗಡಿ ಮಣ್ಣಿನಡಿ ಹೋಯಿತು. ಗಂಗಾವಳಿ ನದಿಗೆ ಬಿದ್ದ ಕೇರಳದ ಲಾರಿಯನ್ನು ಮೇಲೆತ್ತುವಷ್ಟರಲ್ಲಿ ಸೆಪ್ಟೆಂಬರ್ ಕೊನೆಯ ವಾರ ಬಂದಿತ್ತು. ಅರ್ಧ ದರದ ಅರ್ಥ ಇದು.

ಹಾಗೆಂದು ಚಳಿಗಾಲದಲ್ಲಿ ಕಣ್ಣು ಮುಚ್ಚಿ ಇಳಿಯಬಹುದೇ? 2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ, ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯಿಂದ ಪ್ರವಾಸಕ್ಕೆ ಬಂದಿದ್ದ ಏಳು ಮಂದಿ ಬಾಲಕಿಯರು ಅಲೆಗೆ ಸಿಕ್ಕರು. ಮೂವರು ಉಳಿದರು, ನಾಲ್ವರು ಉಳಿಯಲಿಲ್ಲ. ಆ ಸುದ್ದಿ ಓದಿದ ದಿನ ಪತ್ರಿಕೆಯನ್ನು ಮಡಿಸಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಆ ಮಕ್ಕಳೂ ನಮ್ಮಂತೆಯೇ ಬಯಲು ಸೀಮೆಯವರು.

ಮೂರನೆಯದು ಈಜುಕೊಳ. ಸಮುದ್ರಕ್ಕೆ ಹೆದರುವವರೂ ಕೊಳಕ್ಕೆ ಹೆದರುವುದಿಲ್ಲ. 2024ರ ನವೆಂಬರ್ 17ರಂದು ಉಳ್ಳಾಲದ ಬಳಿ ಕಡಲ ತೀರದ ರೆಸಾರ್ಟ್ ಒಂದರ ಈಜುಕೊಳದಲ್ಲಿ ಮೈಸೂರಿನ ಮೂವರು ವಿದ್ಯಾರ್ಥಿನಿಯರು ಮುಳುಗಿದರು. ಒಬ್ಬಳು ಆಳಕ್ಕೆ ಜಾರಿದಾಗ ಉಳಿದವರು ಹಿಡಿಯಲು ಹೋದದ್ದು. ಜೀವರಕ್ಷಕರು ಇರಲಿಲ್ಲವೆಂದು ಆಗ ವರದಿಯಾಯಿತು. ಕೊಳದ ತಳ ಒಂದೇ ಮಟ್ಟದಲ್ಲಿ ಇರುವುದಿಲ್ಲ. ನೀರಿನಲ್ಲಿ ಬೆಳಕು ಬಾಗುವುದರಿಂದ ಆಳ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ನಾಲ್ಕು ಅಡಿಯ ನೀರು ಮೂರು ಅಡಿಯಂತೆ ಕಾಣುವ ಈ ಪಾಠವನ್ನು ಹತ್ತನೆಯ ತರಗತಿಯಲ್ಲಿ ವಕ್ರೀಭವನ ಎಂದು ಬಾಯಿಪಾಠ ಮಾಡಿರುತ್ತೀರಿ. ಉಪಯೋಗ ಬರುವುದು ಇಲ್ಲಿ.

ಫೋನಿನಲ್ಲಿ ಐದು ಪ್ರಶ್ನೆ

ಹಾಳೆಯ ಹಿಂಬದಿಯಲ್ಲಿ ಐದು ಪ್ರಶ್ನೆ ಬರೆದು ಅಳಿಯನಿಂದಲೇ ಫೋನು ಮಾಡಿಸಿದೆ. ಎದುರಿನ ಕಡಲಲ್ಲಿ ಈಜಬಹುದೇ, ಜೀವರಕ್ಷಕರು ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಇರುತ್ತಾರೆ? ಕೊಳದ ಆಳ ಎಷ್ಟು, ಅದನ್ನು ಬರೆದು ಹಾಕಿದ್ದೀರಾ? ಹತ್ತಿರದ ಆಸ್ಪತ್ರೆ ಎಷ್ಟು ದೂರ? ವಾಹನ ನಿಲ್ಲುವ ಜಾಗದಿಂದ ರೂಮಿಗೆ ದಾರಿ ಹೇಗೆ? ಮಳೆಯಿಂದ ರಸ್ತೆ ಮುಚ್ಚಿದರೆ ಮುಂಗಡ ವಾಪಸು ಕೊಡುತ್ತೀರಾ? ನಾಲ್ಕನೆಯ ಪ್ರಶ್ನೆಯನ್ನು ಹಗುರವಾಗಿ ಕಾಣಬೇಡಿ. ಗೋಕರ್ಣದ ಹಾಫ್ ಮೂನ್, ಪ್ಯಾರಡೈಸ್ ತೀರಗಳಿಗೆ ಬಂಡೆಗಳ ಕಾಲುದಾರಿ, ಇಲ್ಲವೇ ದೋಣಿ. ಉಬ್ಬರ ಇಳಿತಗಳ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಉಬ್ಬರ ಜಾಸ್ತಿ. ನಿನ್ನೆ ಸಂಜೆ ಒಣಗಿದ್ದ ಬಂಡೆ ಇವತ್ತು ಅದೇ ಹೊತ್ತಿಗೆ ಒದ್ದೆಯಾಗಿರಬಹುದು.

ಮೊದಲ ರೆಸಾರ್ಟಿನವರು, "ಇದುವರೆಗೂ ನಮ್ಮಲ್ಲಿ ಏನೂ ಆಗಿಲ್ಲ ಸಾರ್" ಎಂದರು. ಅದು ಉತ್ತರವಲ್ಲ. ದೀಪವಿಲ್ಲದ ಎತ್ತಿನ ಗಾಡಿಗೂ ಗುದ್ದಿಸಿಕೊಳ್ಳುವ ದಿನದವರೆಗೆ ಏನೂ ಆಗಿರುವುದಿಲ್ಲ. ಮುಂಗಡವೂ ವಾಪಸಿಲ್ಲ ಎಂದರು. ಇನ್ನೊಂದು ಕಡೆ ಫೋನೆತ್ತಿದ ಹೆಂಗಸು, "ನಮ್ಮ ಎದುರು ಕಲ್ಲುಂಟು, ಅಲ್ಲಿ ಈಜೋದು ಬೇಡ. ಜೂನ್‌ನಲ್ಲಿ ಬರ್ಬೇಡಿ ಮಾರಾಯ್ರೇ, ಜನವರಿಯಲ್ಲಿ ಬನ್ನಿ" ಎಂದರು. ಗಿರಾಕಿಯನ್ನು ಕಳೆದುಕೊಳ್ಳುವ ಮಾತು ಆಡಿದವರನ್ನು ನಂಬಬಹುದು ಎಂದು ನನಗನಿಸಿತು. ಅಳಿಯನ ಮುಖ ಸಣ್ಣದಾಯಿತು. ಗೆಳೆಯರಿಗೆ ಏನು ಹೇಳಲಿ ಎಂಬ ಚಿಂತೆ. "ಮಾವ ಬಿಡಲಿಲ್ಲ ಅನ್ನು" ಎಂದೆ. ಎರಡು ವಾರ ಅವನು ನಮ್ಮ ಮನೆಯತ್ತ ಸುಳಿಯಲಿಲ್ಲ.

ಈ ಜನವರಿಯಲ್ಲಿ ಐವರೂ ಹೋಗಿ ಬಂದರು. ಹಗಲು ಪ್ರಯಾಣ, ದರ ಮಾತ್ರ ಪೂರ್ತಿ. ಈಜಲು ಹೊನ್ನಾವರದ ಕಾಸರಕೋಡು ತೀರಕ್ಕೆ ಹೋದರು. 2020ರಲ್ಲಿ ಪಡುಬಿದ್ರಿಯೊಂದಿಗೆ ನೀಲಿ ಧ್ವಜದ ಮಾನ್ಯತೆ ಪಡೆದ ತೀರ ಅದು. ಆ ಮಾನ್ಯತೆಗೆ ಜೀವರಕ್ಷಕರ ವ್ಯವಸ್ಥೆಯೂ ಒಂದು ಷರತ್ತು. ಹೊರಡುವ ಹಿಂದಿನ ದಿನ, ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಕೊಡುವ ಎತ್ತರದ ಅಲೆಗಳ ಮುನ್ಸೂಚನೆಯನ್ನು ಅಳಿಯನೇ ನೋಡಿಕೊಂಡಿದ್ದ. ತುರ್ತಿಗೆ 112, ಕಡಲಿನ ರಕ್ಷಣೆಗೆ ಕರಾವಳಿ ಪಡೆಯ 1554 ಎಂಬುದನ್ನು ಐವರ ಮೊಬೈಲಿನಲ್ಲೂ ಬರೆಸಿದ್ದೆ.

ತಂದೆತಾಯಂದಿರೇ, ಮಕ್ಕಳು ಕೇಳಲು ಬಂದಾಗ ಬೇಡ ಎನ್ನುವುದೂ ಸುಲಭ, ಹೂಂ ಎನ್ನುವುದೂ ಸುಲಭ. ಅವರ ಜೊತೆ ಅರ್ಧ ಗಂಟೆ ಕುಳಿತು ಲೆಕ್ಕ ಹಾಕುವುದು ಸ್ವಲ್ಪ ಕಷ್ಟ. ವಿದ್ಯಾರ್ಥಿಗಳೇ, ಕಾಲುವೆಯಲ್ಲಿ ಈಜು ಬಲ್ಲವರು ಕಡಲನ್ನು ಬಲ್ಲವರಲ್ಲ. ದಡದಲ್ಲಿರುವ ಮೀನುಗಾರರನ್ನು ಒಂದು ಮಾತು ಕೇಳಿ.

ಅಂದಿನ ಆ ಹುಡುಗನಿಗೆ ಈಗ ಸಿರುಗುಪ್ಪದ ಹತ್ತಿರ ಭತ್ತದ ಗದ್ದೆಯಿದೆ, ಎರಡು ಮಕ್ಕಳಿದ್ದಾರೆ. ಸಿಕ್ಕಾಗಲೆಲ್ಲ ನಗುತ್ತ ಕೈ ಮುಗಿಯುತ್ತಾನೆ. ನಾನು ಅವನ ಮಕ್ಕಳ ತಲೆ ಸವರಿ ಮುಂದೆ ಹೋಗುತ್ತೇನೆ.